ಬಾಗ್ಲಯ್ಯನ ಎಡ ಹಿಮ್ಮಡಿ

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ನಲ್ಲಿಯಲ್ಲಿ ನೀರು ಬರುವ ದಿನ, ತೊಟ್ಟಿ ತುಂಬಿಸಿದೆ. ಹಾಲು ಕಾಯಿಸಿದೆ, ದೋಸೆ ಹೊಯ್ದೆ, ಮಗಳ ಡಬ್ಬಿಗೆ ಚಿತ್ರಾನ್ನ ಕಲಸಿದೆ. ಯಜಮಾನರ ಅಂಗಿಗೆ ಗುಂಡಿ ಹಾಕಿಕೊಟ್ಟೆ. ಅವರು ವ್ಯಾನು ತೆಗೆಯುವ ಮೊದಲು ಒಳಗಿನ ಸೀಟುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನಿನ್ನೆ ಯಾವುದೋ ಮಗು ಚಾಕೊಲೇಟು ಮೆತ್ತಿಟ್ಟು ಹೋಗಿತ್ತು. ಬಟ್ಟೆ ಒಗೆದು ಮಹಡಿಯ ಮೇಲೆ ಹರವಿದೆ. ಮಧ್ಯಾಹ್ನ ಟಿವಿ ಮುಂದೆ ಯಜಮಾನರ ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿದ್ದೆ. ಇಡೀ ದಿನದ ಕೆಲಸದಲ್ಲಿ ಕಷ್ಟವಾದದ್ದು ಅದೊಂದೇ.

ನಮ್ಮ ಮನೆ ಶ್ರೀರಾಂಪುರದಲ್ಲಿ. ಯಜಮಾನರು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಾರೆ. ವ್ಯಾನು ನಮ್ಮದೇ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳು ಜೊತೆಯವರ ಹತ್ತಿರ ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ಕೊಂಡು ತಂದು ಟಿವಿಗೆ ಸಿಕ್ಕಿಸಿದಳು. ತನಗೆ ಬೇಜಾರು ಕಳೆಯಲಿ ಅಂತ ತಂದದ್ದು. ಅಂಟಿಕೊಂಡದ್ದು ಅವಳ ಅಪ್ಪನಿಗೆ. ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಬಂದರೆ ಶಾಲೆ ಬಿಡುವ ತನಕ ಅವರಿಗೆ ಬಿಡುವು. ಮೊದಲೆಲ್ಲ ಆ ಹೊತ್ತಿನಲ್ಲಿ ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದರು. ಈಗ ಚಾಪೆ ಹಾಸಿ, ಗೋಡೆಗೆ ಒರಗಿ, ಆ ಆಡುವ ರಿಮೋಟು ಹಿಡಿದು ಕೂರುತ್ತಾರೆ.

"ರಿಮೋಟಲ್ಲ ಕಣಮ್ಮ, ಕಂಟ್ರೋಲರ್" ಅಂತ ಮಗಳು ಎಷ್ಟು ಸಲ ತಿದ್ದಿದಳೋ. ನನಗದು ರಿಮೋಟೇ.

ಕತ್ತಿ ಹಿಡಿದ ಒಬ್ಬ ಬಡಕಲು ಮನುಷ್ಯ ಒಂದು ಹಾಳು ಕೋಟೆಯೊಳಗೆ ಹೋಗುವ ಆಟ ಅದು. ದಾರಿಯಲ್ಲಿ ಅಡ್ಡ ಬರುವವರನ್ನೆಲ್ಲ ಯಜಮಾನರು ಹೇಗೋ ಹೊಡೆದು ಮುಗಿಸಿದರು. ಕೊನೆಗೆ ಮಂಡಿ ಮಟ್ಟ ನೀರು ನಿಂತ ಒಂದು ಅಂಗಳ ಸಿಕ್ಕಿತು. ಅಲ್ಲಿ ಇವನಿದ್ದ. ಆಳಿಗಿಂತ ಎರಡು ಪಟ್ಟು ಎತ್ತರ, ಸುಟ್ಟ ಕವಚ, ಮುಖವಿರಬೇಕಾದ ಕಡೆ ಕತ್ತಲು. ಬೆನ್ನಿನ ಮೇಲೆ ಕೋಟೆಯ ಬಾಗಿಲನ್ನೇ ಕಿತ್ತು ಹೊತ್ತುಕೊಂಡಿದ್ದ, ಬೀಸಿ ಹೊಡೆಯುವುದೂ ಅದರಿಂದಲೇ. ಅವನು ನಡೆದರೆ ಬಾಗಿಲಿನ ಚೂಪು ಮೊಳೆಗಳು ಕಲ್ಲಿಗೆ ಉಜ್ಜುವ ಸದ್ದು ಬರುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿದ್ದರೂ ಆ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಅವನ ಹೆಸರು ಇಂಗ್ಲಿಷಿನಲ್ಲಿ ಏನೋ ಉದ್ದವಾಗಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಅವನು ಬಾಗ್ಲಯ್ಯ.

ಬಾಗ್ಲಯ್ಯ ಯಜಮಾನರನ್ನು ದಿನಾ ಕೊಂದ. ಬೆಳಿಗ್ಗೆ ಕೊಂದ, ಶಾಲೆ ಬಿಡುವ ಮೊದಲು ಕೊಂದ. ಮಗಳು ಮನೆಗೆ ಬಂದು, ಕೈಕಾಲು ತೊಳೆದು, ಅಪ್ಪನ ಪಕ್ಕ ಕೂತು ಬೈಯುತ್ತಿದ್ದಳು.

"ಹಿಂದಕ್ಕೆ ಯಾಕಪ್ಪ ಹಾರ್ತೀಯ? ಹಿಂದಕ್ಕೆ ಹಾರಿದ್ರೆ ಬಾಗ್ಲು ಬಂದು ಬಡಿಯುತ್ತೆ. ಅವನ ಕಂಕುಳ ಕೆಳಗೇ ನುಗ್ಗು."

"ಅವನ ಕಂಕುಳಕ್ಕೆ ನಾನ್ಯಾಕೆ ಹೋಗ್ಲಿ? ನಿಮ್ಮಮ್ಮನ ಕಂಕುಳೇ ಸಾಕು."

"ರೀ, ಮಗಳ ಮುಂದೆ ಏನದು ಮಾತು!"

"ಎರಡು ಏಟು ಹೊಡಿ ಅಪ್ಪ, ಈಚೆ ಬಾ. ಆಸೆ ಬೀಳ್ಬೇಡ. ಮೂರನೇದು ಹೊಡೆಯಕ್ಕೆ ಹೋಗೇ ನೀನು ಸಾಯೋದು. ಜೀವ ತುಂಬೋ ಮದ್ದು ಕುಡಿಯೋದು ಅವನು ನೋಡ್ತಿರುವಾಗಲ್ಲ, ಬಾಗ್ಲು ಕೆಸರಲ್ಲಿ ಸಿಕ್ಕೊಂಡಾಗ."

ಇಷ್ಟನ್ನೂ ಯಜಮಾನರು ಕಲಿತರು. ಹಟದ ಮನುಷ್ಯ, ಹೇಳಿದ್ದನ್ನು ತಲೆಗೆ ಹಾಕಿಕೊಂಡರೆ ಬಿಡುವವರಲ್ಲ. ಆದರೂ ಸತ್ತರು. ಬಟನ್ ಒತ್ತಿದರೂ ಆಳು ಉರುಳುತ್ತಿಲ್ಲ, ರಿಮೋಟು ಕೆಟ್ಟಿದೆ ಅಂದರು. ನಾನೇ ಅದನ್ನು ಚೀಲದಲ್ಲಿ ಹಾಕಿಕೊಂಡು ಲಷ್ಕರ್ ಮೊಹಲ್ಲಾದ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ತಂತಿ ಸಿಕ್ಕಿಸಿ, ಒಂದೊಂದೇ ಬಟನ್ ಒತ್ತಿ ನೋಡಿ, ವಾಪಸು ಕೊಟ್ಟರು.

"ಏನೂ ಆಗಿಲ್ಲ ಕಣಮ್ಮ. ಹೊಸದರಂಗೆ ಐತೆ."

ಬಸ್ಸಿನಲ್ಲಿ ಆ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಬಲ ಹೆಬ್ಬೆರಳಿನ ಬಟನ್ನನ್ನು ನಾನೂ ಒತ್ತಿ ಒತ್ತಿ ನೋಡಿದೆ. ಒತ್ತಿದ ತಕ್ಷಣ ಟಿಕ್ ಅನ್ನುತ್ತಿತ್ತು. ನಮ್ಮ ಸ್ಟಾಪು ಬರುವ ತನಕ ಒತ್ತುತ್ತಲೇ ಇದ್ದೆ.

ಅದಕ್ಕೂ ಮೊದಲೇ ಒಂದೊಂದು ಕಂಡಿದ್ದೆ, ಒಂದಕ್ಕೊಂದು ಸೇರಿಸಿರಲಿಲ್ಲ. ಅಂಗಿಯ ಗುಂಡಿ ಹಾಕಲು ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ತಡವಾಗುತ್ತೆ ಅಂತ ನಾನೇ ಹಾಕತೊಡಗಿದ್ದೆ. ನಡೆಯುವಾಗ ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡೇ ಇರುತ್ತಿತ್ತು. ಕಾಫಿ ಲೋಟ ಹಿಡಿದು ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳಿಗೆ ತಾಗಿ ತಾಗಿ, ಏನೋ ಹೊಸೆಯುತ್ತಿರುವಂತೆ ಆಡುತ್ತಿತ್ತು. ಆಮೇಲೆ ವ್ಯಾನಿನ ವಿಷಯ. ಒಂದು ದಿನ ಶಾಲೆಯ ಹತ್ತಿರದ ತಿರುವಿನಲ್ಲಿ ವ್ಯಾನಿನ ಬಲ ಮಗ್ಗುಲು ಕಾಂಪೌಂಡಿಗೆ ಉಜ್ಜಿತು. ಮಕ್ಕಳು ನಕ್ಕರಂತೆ. ಬ್ರೇಕು ತಡವಾಗಿ ಹಿಡಿಯಿತು ಅಂತ ಇವರು ಬ್ರೇಕಿನ ಪ್ಯಾಡು ಹೊಸದು ಹಾಕಿಸಿಕೊಂಡು ಬಂದರು. ತೆಗೆದ ಹಳೆಯದನ್ನು ತಂದು ತೋರಿಸಿದರು. ಅದು ಸವೆದೇ ಇರಲಿಲ್ಲ.

ಮಗಳಿಗೆ ಹೇಳಿದೆ. ಅವಳು ಅವತ್ತೇ ಅಪ್ಪನನ್ನು ಕೇಳಿದಳು, ನರದ ಡಾಕ್ಟರಿಗೆ ತೋರಿಸೋಣ ಅಂತ. ಯಜಮಾನರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ತೋರ್ಸಿದ್ರೆ ಏನಂತಾರೆ? ವ್ಯಾನು ಬುಡು ಅಂತಾರೆ. ಇಷ್ಟು ವರ್ಷ ಒಂದು ಮಗೀಗೂ ಗೀರು ಬಿದ್ದಿಲ್ಲ ಕಣೇ ನನ್ ಕೈಲಿ."

"ಬಿದ್ದ ಮೇಲೆ ಹೋಗೋದಾ ಅಪ್ಪ?"

ಟಿವಿಯಲ್ಲಿ ಬಾಗ್ಲಯ್ಯ ನೀರಿನಲ್ಲಿ ನಿಂತು ಕಾಯುತ್ತಿದ್ದ. ಯಜಮಾನರು ಅವನ ಕಡೆ ಗಲ್ಲ ಎತ್ತಿ ತೋರಿಸಿದರು.

"ಒಂದು ಮಾತು. ಈ ಶನಿವಾರದೊಳಗೆ ಇವನನ್ನ ಹೊಡೆದ್ರೆ ನನ್ ಕೈ ಸರಿಯಾಗೈತೆ ಅಂತ. ಡಾಕ್ಟ್ರ ಸುದ್ದಿ ಎತ್ತಂಗಿಲ್ಲ. ಹೊಡೀಲಿಲ್ವಾ, ನೀವು ಎಳೆದ ಕಡೆ ಬರ್ತೀನಿ. ವ್ಯಾನಿನ ಕೀನೂ ಕೊಟ್ಬುಡ್ತೀನಿ."

ಮಗಳು ಒಪ್ಪಿದಳು. ಅಪ್ಪ ಮಾತು ಕೊಟ್ಟರೆ ತಪ್ಪುವವರಲ್ಲ ಅನ್ನುವುದು ಅವಳಿಗೆ ಗೊತ್ತು. ಗೆಲ್ಲಲಾರರು ಅನ್ನುವುದೂ ಗೊತ್ತಿದ್ದಿರಬೇಕು.

ಗೊತ್ತಿಲ್ಲದ ಹಾಗೆ ನಡೆದುಕೊಂಡವಳು ನಾನು. ಮಾರನೆಯ ದಿನ ಈಳಿಗೆ ಮಣೆ ಟಿವಿ ಮುಂದೆಯೇ ತಂದಿಟ್ಟುಕೊಂಡು, ಹುರುಳಿಕಾಯಿ ಹೆಚ್ಚುತ್ತಾ ಆಟ ನೋಡುತ್ತಿದ್ದೆ. ಅಷ್ಟು ದಿನ ಬರೀ ಕಿವಿಯಲ್ಲಿ ಕೇಳುತ್ತಿದ್ದವನನ್ನು ಕಣ್ಣಿಟ್ಟು ನೋಡಿದ್ದು ಅವತ್ತು. ಒಲೆಯ ಮುಂದೆ ನಿಂತು ಹಾಲು ಯಾವಾಗ ಮೇಲೇಳುತ್ತದೆ ಅಂತ ನೋಡಿ ಪಳಗಿದ ಕಣ್ಣು. ಉಕ್ಕುವುದಕ್ಕೆ ಮೊದಲು ಅಂಚಿನಲ್ಲಿ ಏನಾಗುತ್ತದೆ ಅನ್ನುವುದನ್ನೇ ಹುಡುಕುತ್ತದೆ. ಬಾಗ್ಲಯ್ಯ ಭುಜ ಎತ್ತಿದಾಗ ಎಲ್ಲರೂ ಅವನ ಭುಜ ನೋಡುತ್ತಾರೆ. ಅದಕ್ಕೂ ಮುಂಚೆ ನೀರಿನೊಳಗೆ ಅವನ ಎಡ ಹಿಮ್ಮಡಿ ಸ್ವಲ್ಪ ಏಳುತ್ತಿತ್ತು. ಅಲೆ ಒಂದು ಕ್ಷಣ ನಿಂತುಹೋಗುತ್ತಿತ್ತು. ಆಮೇಲೆ ಭುಜ, ಆಮೇಲೆ ಬಾಗಿಲು.

"ಈಗ!" ಅಂದುಬಿಟ್ಟೆ.

ಯಜಮಾನರ ಆಳು ಉರುಳಿ ಬಾಗ್ಲಯ್ಯನ ಕಂಕುಳ ಕೆಳಗೆ ನುಗ್ಗಿದ. ಬಾಗಿಲು ಖಾಲಿ ನೀರಿಗೆ ಬಿತ್ತು. ಯಜಮಾನರು ತಿರುಗಿ ನನ್ನ ಮುಖ ನೋಡಿದರು, ಮದುವೆಯಾದ ಹೊಸದರಲ್ಲಿ ನೋಡುತ್ತಿದ್ದ ಹಾಗೆ.

"ಎಂಗೆ ಗೊತ್ತಾಯ್ತೇ ನಿಂಗೆ?"

"ಹಿಮ್ಮಡಿ ನೋಡ್ರೀ."

ಅವತ್ತಿನಿಂದ ನನ್ನದೇ ಕೆಲಸವಾಯಿತು. ಹಿಮ್ಮಡಿ ಎದ್ದಾಗ ನಾನು 'ಈಗ' ಅನ್ನುವುದು, ಅವರು ಒತ್ತುವುದು. ನಾನು ಹೇಳುವುದಕ್ಕೂ ಅವರ ಹೆಬ್ಬೆರಳು ಇಳಿಯುವುದಕ್ಕೂ ನಡುವೆ ಒಂದು ಸಣ್ಣ ಕಂದರ ಇರುತ್ತಿತ್ತು. ಅದನ್ನು ದಾಟಿಸಲು ನಾನು ಇನ್ನೂ ಸ್ವಲ್ಪ ಮುಂಚೆ, ಇನ್ನೂ ಸ್ವಲ್ಪ ಮುಂಚೆ ಹೇಳುತ್ತಾ ಹೋದೆ. ಬಾಗ್ಲಯ್ಯನ ಅರ್ಧ ಜೀವ ಹೋದಾಗ ಅವನು ಬಾಗಿಲನ್ನು ಬೆನ್ನಿನಿಂದ ಇಳಿಸಿ ನೀರಿಗೆ ಎಸೆದ. ಅಷ್ಟು ದಿನ ನಾವು ಅದನ್ನು ಕಂಡೇ ಇರಲಿಲ್ಲ. ಭಾರ ಇಳಿದ ಮೇಲೆ ಅವನು ನೆಟ್ಟಗಾದ, ಹಗುರಾದ, ಸದ್ದಿಲ್ಲದವನಾದ. ನನಗೆ ಅವನು ಸದ್ದು ಮಾಡುತ್ತಿದ್ದಾಗಲೇ ವಾಸಿ ಅನ್ನಿಸಿತು. ಈಗ ಅವನ ಕೆಲವು ಏಟು ನಿಧಾನ: ಕೈ ಎತ್ತಿ ಹಿಡಿದು, ನಮ್ಮನ್ನು ಕಾಯಿಸಿ, ಬೆವರಿಳಿಸಿ ಹೊಡೆಯುವುದು. ಅವಸರದವರು ಅದಕ್ಕೇ ಸಾಯುತ್ತಾರೆ ಅಂತ ಮಗಳು ಹೇಳಿದ್ದಳು. ಯಜಮಾನರು ಅಂಥ ಏಟಿಗೆ ಒಂದು ಸಲವೂ ಸಿಕ್ಕಲಿಲ್ಲ. "ನೋಡ್ದಾ ತಾಳ್ಮೆ!" ಅಂದರು. ನಾನು ಹೆಚ್ಚುವುದನ್ನು ನಿಲ್ಲಿಸಿದೆ. ಅದು ತಾಳ್ಮೆಯಲ್ಲ. ಅವರ ಬೆರಳು ಯಾವ ಏಟಿಗೂ ಒಂದೇ ಹೊತ್ತಿಗೆ, ತಡವಾಗಿಯೇ ಇಳಿಯುತ್ತಿತ್ತು. ನಿಧಾನದ ಏಟಿಗೆ ಅದು ತಾನಾಗಿ ಕೂಡಿಬರುತ್ತಿತ್ತು, ಅಷ್ಟೇ.

ನಿನ್ನೆ ಶುಕ್ರವಾರ. ಬಾಗ್ಲಯ್ಯನ ಜೀವದ ಕೆಂಪು ಗೆರೆ ಉಗುರಿನಷ್ಟು ಉಳಿದಿತ್ತು. ಯಜಮಾನರು ಸತ್ತರೂ ನಗುತ್ತಾ ಎದ್ದರು. ಶಾಲೆ ಬಿಡುವ ಹೊತ್ತಾಗಿತ್ತು.

"ನಾಳೆ ಮುಗೀತು ಇವನ ಕತೆ. ನೀನೊಬ್ಳು ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕು ಕಣೇ ನಂಗೆ."

ಹಾಗಂದು ಕೀ ತೆಗೆದುಕೊಂಡು ಹೋದರು. ನಾನು ಗೇಟಿನ ಹತ್ತಿರ ನಿಂತು ವ್ಯಾನು ಹಿಂದಕ್ಕೆ ಬರುವುದನ್ನು ನೋಡಿದೆ. ಎದುರು ಮನೆಯ ನಾಯಿ ಚಕ್ರದ ದಾರಿಯಲ್ಲಿ ಮಲಗಿತ್ತು. ನನಗೆ ಅರಿವಿಲ್ಲದೆ ಬಾಯಿಂದ 'ಈಗ' ಅಂತ ಬಂತು. ಗಾಜು ಏರಿಸಿತ್ತು, ಅವರಿಗೆ ಕೇಳಿಸಲಿಲ್ಲ. ನಾಯಿ ತಾನೇ ಎದ್ದು ಹೋಯಿತು. ವ್ಯಾನು ಅದು ಮಲಗಿದ್ದ ಜಾಗವನ್ನು ದಾಟಿ ಆಮೇಲೆ ನಿಂತಿತು.

ಶನಿವಾರ ಶಾಲೆ ಅರ್ಧ ದಿನ. ಇವತ್ತು ಮಕ್ಕಳನ್ನು ಮನೆ ಮನೆಗೆ ಬಿಟ್ಟು ಬಂದವರು ಊಟಕ್ಕೂ ಕೂರದೆ ಚಾಪೆ ಹಾಸಿದರು. ಚಾಪೆಯ ಮೇಲೆ ನನಗೂ ಜಾಗ ಬಿಟ್ಟರು. ಕೂತೆ. ಬಾಗ್ಲಯ್ಯ ನೀರಿನಲ್ಲಿ ಎದ್ದ, ಮೊಳೆಗಳು ಕಲ್ಲಿಗೆ ಉಜ್ಜಿದವು. ಎಡ ಹಿಮ್ಮಡಿ ಎದ್ದಿತು. ಅಲೆ ನಿಂತಿತು.

ನಾನು ಮಾತಾಡಲಿಲ್ಲ.

ಬಾಗಿಲು ಬಂದು ಬಡಿಯಿತು. ಇವರು ನನ್ನ ಕಡೆ ನೋಡಿದರು. "ಕಾಣ್ಲಿಲ್ವಾ?" ಅಂದರು. ಮತ್ತೆ ಶುರು ಮಾಡಿದರು. ಮತ್ತೆ ಹಿಮ್ಮಡಿ ಎದ್ದಿತು. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ಹಲ್ಲಿನಲ್ಲಿ ಹಿಡಿದೆ. ಮತ್ತೆ ಬಡಿಯಿತು. ಅವರ ಹೆಬ್ಬೆರಳು ಇಳಿದದ್ದು ಆಳು ಬಿದ್ದ ಮೇಲೆ.

"ಯಾಕೇ ಸುಮ್ಗೆ ಕೂತಿದ್ದೀಯ? ಬಾಯಿಗೇನಾಯ್ತು?"

"ವ್ಯಾನಲ್ಲಿ ನಾನು ಕೂತಿರ್ತೀನೇನ್ರೀ?"

ಅವರು ನನಗೆ ಬೈಯಬಹುದಿತ್ತು, ನಿನ್ನಿಂದ ಸೋತೆ ಅನ್ನಬಹುದಿತ್ತು. ಅದನ್ನೇ ಕಾಯುತ್ತಿದ್ದೆ. ಅವರು ರಿಮೋಟನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿ, ಬಲಗೈಯನ್ನು ಪಂಚೆಗೆ ಒರೆಸಿ, ಮತ್ತೆ ಹಿಡಿದರು. ಒಬ್ಬರೇ ಆಡಿದರು. ಕಂಕುಳಿಗೆ ನುಗ್ಗಬೇಕು ಅನ್ನುವುದು ಗೊತ್ತು, ಎರಡೇ ಏಟು ಅನ್ನುವುದು ಗೊತ್ತು, ಹಿಮ್ಮಡಿಯನ್ನು ಈಗ ಅವರೂ ನೋಡುತ್ತಿದ್ದರು. ಎಲ್ಲ ಗೊತ್ತಿದ್ದೂ ಬಾಗಿಲು ಬಂದು ಬಡಿಯುತ್ತಿತ್ತು. ಪ್ರತಿ ಸಲ ಸತ್ತಾಗಲೂ ಅವರು ಟಿವಿಯನ್ನಲ್ಲ, ತಮ್ಮ ಹೆಬ್ಬೆರಳನ್ನು ನೋಡುತ್ತಿದ್ದರು. ಬಾಗ್ಲಯ್ಯ ಬಾಗಿಲು ಇಳಿಸುವ ತನಕ ಇವತ್ತು ಆಟ ಹೋಗಲೇ ಇಲ್ಲ.

ಕಿಟಕಿಯ ಬಿಸಿಲು ಗೋಡೆಗೆ ಬರುವ ಹೊತ್ತಿಗೆ ಅವರೇ ಆಟ ನಿಲ್ಲಿಸಿದರು. ಟಿವಿ ಕಪ್ಪಾಯಿತು, ಅದರಲ್ಲಿ ನಾವಿಬ್ಬರೂ ಕಂಡೆವು. ಅವರು ಫೋನು ತೆಗೆದು ಅಶೋಕಪುರಂನ ಇನ್ನೊಬ್ಬ ವ್ಯಾನಿನವರಿಗೆ ಮಾಡಿದರು. ದನಿ ಎಂದಿನದೇ.

"ಸೋಮವಾರದಿಂದ ನನ್ ಮಕ್ಕಳನ್ನೂ ನೀನೇ ಕರ್ಕೊಂಡ್ಹೋಗಬೇಕು ಕಣಯ್ಯ... ಎಷ್ಟು ದಿನ ಅಂತ ಗೊತ್ತಿಲ್ಲ... ವ್ಯಾನು ಚೆನ್ನಾಗೈತೆ. ನಾನೇ... ಆಮೇಲೆ ಹೇಳ್ತೀನಿ ಬುಡು. ಒಂದು ಮಾತು, ಕೊನೇ ಸ್ಟಾಪಿನ ಅವಳಿ ಮಕ್ಕಳು ಇಳಿದ ತಕ್ಷಣ ರೋಡಿಗೆ ಓಡ್ತವೆ. ಅಮ್ಮ ಬಂದು ಕೈ ಹಿಡಿಯೋ ತನಕ ಬಾಗ್ಲು ತೆಗೀಬೇಡ."

ಮಗಳು ಸಂಜೆ ಬಂದು ಚಪ್ಪಲಿ ಬಿಡುತ್ತಲೇ "ಹೊಡೆದ್ಯಾ ಅಪ್ಪ?" ಅಂದಳು.

"ಇಲ್ಲ ಕಣಮ್ಮ. ಸೋಮವಾರ ರಜಾ ಹಾಕು. ಡಾಕ್ಟ್ರ ಹತ್ರ ಟೋಕನ್ ತಗೋ."

ಅವಳು ಗೆದ್ದಿದ್ದಳು, ಆದರೂ ಅವಳ ಮುಖ ಸಣ್ಣಗಾಯಿತು. ನನ್ನ ಕಡೆ ನೋಡಿದಳು. ನಾನು ಅಡುಗೆಮನೆಗೆ ಹೋದೆ.

ಊಟಕ್ಕೆ ಮುದ್ದೆ, ಕೀರೆ ಸೊಪ್ಪಿನ ಸಾರು, ಮೇಲೆ ಮಜ್ಜಿಗೆ. ಯಜಮಾನರು ಎರಡನೇ ಮುದ್ದೆಯನ್ನು ಅರ್ಧಕ್ಕೆ ಬಿಟ್ಟರು. ಅದನ್ನು ನಾನು ತಿಂದೆ. ಮಗಳು ಅನ್ನ ಬಡಿಸಿಕೊಳ್ಳಲಿಲ್ಲ, ಬಾಳೆಹಣ್ಣು ತಿಂದಳು. ಮೊದಲು ಮಲಗಿದ್ದು ಯಜಮಾನರು, ಬಲಗೈಯನ್ನು ದಿಂಬಿನ ಅಡಿ ಒತ್ತಿಟ್ಟುಕೊಂಡು. ಆಮೇಲೆ ಮಗಳು.