ಆರ್ಲೀನ್ ಆರಿಸಿದ ಮೇಣದಬತ್ತಿ

ನೆಬ್ರಾಸ್ಕಾದ ನಮ್ಮ ಕಾಲೇಜು ಊರಿನಲ್ಲಿ, ಸೋದರಿ ಸಂಘವೆಂಬ ವಿದ್ಯಾರ್ಥಿನಿಯರ ಕೂಟದ ಸದಸ್ಯೆಯರು ಒಟ್ಟಿಗೆ ವಾಸಿಸುವ ಮನೆಯಲ್ಲಿ ದೆವ್ವ ಇದೆ ಎಂದು ಅಲ್ಲಿರುವ ಹುಡುಗಿಯರು ನಂಬುತ್ತಾರೆ. ಮೂರನೇ ಮಹಡಿಯಲ್ಲಿ ಹಳೆಯ ಬಿಸಿನೀರಿನ ಕೊಳವೆ ಕಟಕಟ ಎಂದರೂ ಸಾಕು, "ಆರ್ಲೀನ್ ಬಂದ್ಲು" ಎಂದು ಒಬ್ಬರಿಗೊಬ್ಬರು ಅಂಟಿಕೊಳ್ಳುವ ಈ ಧೀರೆಯರನ್ನು ಕಂಡು ಅಡುಗೆಯವಳಾದ ನನಗೆ ನಗು. ಹೆದರದೆಯೂ ನಗದೆಯೂ ಇದ್ದವರು ಒಬ್ಬರೇ, ಮನೆಯ ಮೇಲ್ವಿಚಾರಕಿ ವೆಲ್ಡಾ ಕ್ರೌಸ್.

ವೆಲ್ಡಾ ಇದೇ ಮನೆಯಲ್ಲಿದ್ದುಕೊಂಡು ಓದಿದವರು. ಮದುವೆಯಾಗಿ, ಗಂಡ ತೀರಿಕೊಂಡ ಮೇಲೆ, ಹುಡುಗಿಯರನ್ನು ನೋಡಿಕೊಳ್ಳಲು ಮತ್ತೆ ಬಂದರು. ಊಟದ ಕೋಣೆಯ ಗೋಡೆಯ ಮೇಲೆ ಆಯಾ ವರ್ಷದ ಹುಡುಗಿಯರ ಮುಖಗಳನ್ನು ಒಟ್ಟಿಗೆ ಜೋಡಿಸಿದ ದೊಡ್ಡ ಚೌಕಟ್ಟುಗಳಿವೆ. 1971ರ ಚೌಕಟ್ಟಿನಲ್ಲಿ ವೆಲ್ಡಾರ ಪಕ್ಕದ ಜಾಗಕ್ಕೆ ಬೂದು ಕಾಗದ ಅಂಟಿಸಿದ್ದಾರೆ. ಅದು ಆರ್ಲೀನ್‌ಳ ಜಾಗ.

ಆ ಮನೆಯ ಪದ್ಧತಿ ಹೀಗೆ. ಮದುವೆ ನಿಶ್ಚಯವಾದವಳು ತನ್ನ ಉಂಗುರವನ್ನು ಗುಟ್ಟಾಗಿ ಮೇಲ್ವಿಚಾರಕಿಗೆ ಕೊಡುತ್ತಾಳೆ. ಅದನ್ನು ಉರಿಯುವ ಮೇಣದಬತ್ತಿಗೆ ರಿಬ್ಬನ್ನಿನಲ್ಲಿ ಕಟ್ಟಿ, ದೀಪಗಳನ್ನು ಆರಿಸಿ, ಸುತ್ತ ನಿಂತವರೆಲ್ಲ ಕೈಯಿಂದ ಕೈಗೆ ದಾಟಿಸುತ್ತಾರೆ. ಉಂಗುರದವಳ ಕೈಗೆ ಬಂದಾಗ ಅವಳು ಅದನ್ನು ಊದಿ ಆರಿಸುತ್ತಾಳೆ. ಆಗ ಎಲ್ಲರೂ ಕಿರುಚಿ, ಹುಡುಗನ ಹೆಸರು ಕೇಳಿ, ಅವಳನ್ನು ಎತ್ತಿ ಕುಣಿಸುತ್ತಾರೆ. ಆರ್ಲೀನ್ ಊದಿದಾಗ ಹೆಸರು ಕೇಳಿದ್ದಕ್ಕೆ "ಹುಡುಗ ಅಲ್ಲ" ಎಂದಳಂತೆ. ಯಾವ ಹುಡುಗಿ ಎಂದು ಎಷ್ಟು ಬೈದರೂ ಬಾಯಿ ಬಿಡಲಿಲ್ಲವಂತೆ. ಮರುದಿನವೇ ಅವಳನ್ನು ಸಂಘದಿಂದ ಹೊರಗೆ ಹಾಕಿದರು. ಆಮೇಲೆ ಕಿಟಕಿಯಿಂದ ಹಾರಿ ಸತ್ತಳು ಎಂಬುದು ಹುಡುಗಿಯರ ಕಥೆ.

"ಹಾರ್ಲಿಲ್ಲ, ಬಸ್ಸು ಹತ್ತಿದ್ಲು," ಎನ್ನುತ್ತಿದ್ದರು ವೆಲ್ಡಾ. ಅಷ್ಟು ಹೇಳಿ ತಟ್ಟೆ ಬಿಟ್ಟು ಏಳುತ್ತಿದ್ದರು.

ಈ ವರ್ಷ ಹಾಲಿಸ್ ಎಂಬವಳನ್ನು ಲೆಸ್ಬಿಯನ್ ಎಂದು ಗೊತ್ತಿದ್ದೇ ಸಂಘಕ್ಕೆ ಸೇರಿಸಿಕೊಂಡರು. ತಮ್ಮ ಮನಸ್ಸು ಎಷ್ಟು ದೊಡ್ಡದು ಎಂದು ಊರೆಲ್ಲ ಸಾರಿದ್ದೂ ಆಯಿತು. ಅವಳಿಗೆ ಮದುವೆ ನಿಶ್ಚಯವಾದ ಗುಟ್ಟು ಹೇಗೋ ಹೊರಬೀಳುತ್ತಲೇ ಸಂಘದ ಅಧ್ಯಕ್ಷೆ ಕೆಂಡ್ರಾ ನನ್ನ ಒಲೆಯ ಮುಂದೆಯೇ ಅವಳನ್ನು ಹಿಡಿದಳು.

"ನೀನಿರೋದಕ್ಕೆ ನಮ್ದೇನೂ ತಕರಾರಿಲ್ಲ ಕಣೇ. ಮೇಣದಬತ್ತಿ ಮಾತ್ರ ಬೇಡ. ಹಳೇ ಸದಸ್ಯೆಯರು ಬರ್ತಾರೆ."

"ಅಂದ್ರೆ ನಾನು ಫೋಟೋಗೆ ಮಾತ್ರ ಬೇಕು."

"ಹಂಗೇ ಅಂದ್ಕೋ. ನೀನು ಊದಿದ್ರೆ ಒಬ್ರೂ ಬಾಯಿ ಬಿಡಲ್ಲ, ನೋಡ್ತಿರು. ಆಮೇಲೆ ಈ ಮನೇಲಿ ಹೆಂಗಿರ್ತೀಯೋ ನೀನೇ ಯೋಚ್ನೆ ಮಾಡು."

ಹಾಲಿಸ್ ಆದರೂ ಉಂಗುರ ತಂದು ವೆಲ್ಡಾರ ಅಂಗೈಯಲ್ಲಿಟ್ಟಳು. ಅವಳು ಹೋದ ಮೇಲೆ ವೆಲ್ಡಾ ರಿಬ್ಬನ್ ಹಿಡಿದು ನನ್ನ ಬಳಿ ಬಂದರು. "ನೀನೇ ಕಟ್ಟು ರುಥಾನ್. ಈ ಗಂಟು ನನ್ನ ಕೈಲಾಗಲ್ಲ."

"ಬೇಡ ಅನ್ಬಾರ್ದಾ ಆ ಹುಡ್ಗಿಗೆ? ನಾಳೆ ಅವಳೂ ಗಂಟುಮೂಟೆ ಕಟ್ಬೇಕಾಗುತ್ತೆ."

"ಬೇಡ ಅನ್ನೋಕೆ ಜನ ಇದ್ದಾರಲ್ಲ," ಎಂದರು.

ಆ ಸಂಜೆ ಊಟಕ್ಕೆ ಚಿಲಿ ಎಂಬ ಮಾಂಸ-ಕಾಳಿನ ಖಾರದ ಗೊಜ್ಜು, ಜೊತೆಗೆ ನಮ್ಮ ಕಡೆಯ ವಾಡಿಕೆಯಂತೆ ದಾಲ್ಚಿನ್ನಿ ಹಾಕಿದ ಸಿಹಿ ರೋಲು. ವೆಲ್ಡಾ ಒಂದು ತುತ್ತೂ ಮುಟ್ಟಲಿಲ್ಲ. ದೀಪಗಳು ಆರಿದವು, ಬತ್ತಿ ಸುತ್ತಿತು, ಹಾಲಿಸ್ ಊದಿದಳು. ಕತ್ತಲಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಮೇಲೆ ಕೊಳವೆ ಕಟಕಟ ಎಂದಿತು. ಯಾವಾಗಲೂ ನಗುವ ನನಗೂ ಮೈ ಜುಮ್ಮೆಂದಿತು.

"ಹೆಸರೇನು ಮಗಳೇ?" ಅದು ವೆಲ್ಡಾರ ದನಿ.

"ಡಾನಿಕಾ."

"ಚೆನ್ನಾಗಿದೆ. ಆವತ್ತು ಹೆಸರು ಕೇಳಿದಾಗ ಆರ್ಲೀನ್ ನನ್ನ ಕಡೆ ನೋಡಿದ್ಲು. ನಾನು ನೆಲ ನೋಡ್ದೆ. ಅವಳು ನನ್ನ ಹೆಸರು ಹೇಳ್ದೇನೇ ಹೋದ್ಲು."

ಯಾರೋ ದೀಪ ಹಾಕಿದರು. ವೆಲ್ಡಾ ಗೋಡೆಯ ಬಳಿ ಹೋಗಿ 1971ರ ಚೌಕಟ್ಟಿನ ಗಾಜು ತೆಗೆದು, ಬೂದು ಕಾಗದವನ್ನು ಉಗುರಿನಿಂದ ಕೆರೆಯತೊಡಗಿದರು. ಕಾಗದ ಸುಲಿದು ಬಂತು. ಅಡಿಯಲ್ಲಿ ಮುಖವಿರಲಿಲ್ಲ. ಅದನ್ನು ಎಂದೋ ಕತ್ತರಿಸಿ ಒಯ್ದಿದ್ದರು, ಬರೀ ಹಲಗೆ ಕಾಣುತ್ತಿತ್ತು. "ಇಲ್ಲೇ ಇದ್ಲು," ಎಂದರು ವೆಲ್ಡಾ.

ಹಾಲಿಸ್ ಬತ್ತಿ ಹಚ್ಚಿ ಅವರ ಕೈಗಿತ್ತಳು. "ನೀವೂ ಊದಿ, ಮಿಸ್ ವೆಲ್ಡಾ."

ಅವರಿಗೆ ಊದಲು ಆಗಲೇ ಇಲ್ಲ. ಮೇಣ ಬೆರಳ ಮೇಲೆ ಸುರಿದರೂ, ಬತ್ತಿ ತಾನಾಗಿ ಮುಗಿಯುವವರೆಗೆ ಹಿಡಿದುಕೊಂಡೇ ನಿಂತರು. ನಾವೆಲ್ಲ ಅವರ ಸುತ್ತ ನಿಂತೆವು, ಕೆಂಡ್ರಾ ಕೂಡ.