ಟಗರಿನ ಕಿವಿಗೆ ಬಿಟ್ಟ ನೀರು

ನಾನು ಓದಿ ಪದವೀಧರನಾಗುವುದು ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಊರ ಲೆಕ್ಕ ಬರೆಯುವ ಪಟವಾರಿಯೂ ಅಂದಿದ್ದ, ಊರ ಗೌಡನೂ ನಕ್ಕಿದ್ದ. ಅವರಿಬ್ಬರ ಮಾತು ನನಗೆ ನಾಟಲಿಲ್ಲ. ದೊಡ್ಡಪ್ಪ ಅಂದದ್ದು ಮಾತ್ರ ನೆನಪಿದೆ. ಕುರಿಹಟ್ಟಿಯ ಬಾಗಿಲಲ್ಲಿ ನಿಂತು, ನನ್ನನ್ನು ಬಡಿದ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ, ಅವ್ವನಿಗೆ ಕೇಳುವ ಹಾಗೆ ಅಂದರು:

"ಈ ಪೋರ ಓದಿ ಸನದು ತರೂ ದಿನ ನಮ್ಮ ಟಗರು ಮರಿ ಹಾಕ್ತದ."

ಸನದು ಅಂದರೆ ಸರ್ಕಾರದ ಮೊಹರು ಇರುವ ಪದವಿಯ ಕಾಗದ. ಇಂದು ಅದು ನನ್ನ ಪೆಟ್ಟಿಗೆಯಲ್ಲಿದೆ. ನಮ್ಮ ಮನೆತನದಲ್ಲಿ ಅದೇ ಮೊದಲನೆಯದು. ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಆದರೆ ಅದನ್ನು ತೆಗೆದು ನೋಡಿದಾಗಲೆಲ್ಲ ನನಗೆ ಮೊದಲು ಕಾಣುವುದು ಮೊಹರಲ್ಲ, ರಕ್ತ.

ನಮ್ಮದು ಔರಾದ್ ತಾಲ್ಲೂಕಿನಲ್ಲಿ, ಡಾಬಕಾದ ಆಚೆ ಒಂದು ಸಣ್ಣ ಊರು. ಕುರಿ ಕಾಯುವ ಮನೆ. ಅಪ್ಪ ನಾನು ನಡೆಯುವ ಮೊದಲೇ ತೀರಿಕೊಂಡಿದ್ದ. ಹಿಂಡು, ಮನೆ, ದೇವರು, ಮೂರೂ ದೊಡ್ಡಪ್ಪನ ಕೈಯಲ್ಲಿದ್ದವು. ಹಿಂಡಿಗೆ ರೋಗ ಬಿದ್ದರೆ ದೇವರಿಗೆ ಒಂದು ಟಗರು ಕೊಡುವುದು ನಮ್ಮ ಪದ್ಧತಿ. ರೋಗದ ಕುರಿಯನ್ನಲ್ಲ, ಇದ್ದುದರಲ್ಲಿ ಚಂದದ್ದನ್ನು. ಅದರ ಹಣೆಗೆ ಭಂಡಾರ ಬಳಿದು, ಬೆನ್ನ ಮೇಲೆ ತಂಬಿಗೆ ನೀರು ಸುರಿದು, ಎಲ್ಲರೂ ಕೈಮುಗಿದು ಕಾಯಬೇಕು. ಟಗರು ಮೈ ಕೊಡವಿತೆಂದರೆ ಅದು ಒಪ್ಪಿದಂತೆ. ಕೊಡವದಿದ್ದರೆ ಕಡಿಯುವಂತಿಲ್ಲ. ಒಪ್ಪದ ಜೀವವನ್ನು ಕಡಿದರೆ ಅದು ಪೂಜೆಯಲ್ಲ, ಕೊಲೆ. ಆ ಮಾಂಸ ಉಂಡ ಮನೆಗಳಿಗೆಲ್ಲ ಅದರ ಪಾಪ.

ನಾನು ಏಳೆಂಟು ವರ್ಷದವನಿದ್ದಾಗ ನನ್ನ ಕೈಯಿಂದಲೇ ಸೊಪ್ಪು ತಿಂದು ಬೆಳೆದ ಒಂದು ಟಗರಿನ ಸರದಿ ಬಂತು. ಒಂದು ಕಿವಿ ಕಪ್ಪು, ಒಂದು ಬಿಳಿ. ತಂಬಿಗೆ ಹಿಡಿದವನೂ ನಾನೇ. ನೀರು ಸುರಿದರೂ ಅದು ಕಲ್ಲಿನ ಹಾಗೆ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಪ್ಪ ಬಗ್ಗಿ, ಟಗರಿನ ಕೊರಳು ಸವರುವವರಂತೆ ಮಾಡಿ, ನನಗಷ್ಟೇ ಕೇಳುವ ಹಾಗೆ ಅಂದರು: "ಕಿವ್ಯಾಗ ಬಿಡು." ನಾನು ಕಪ್ಪು ಕಿವಿಯೊಳಗೆ ನಾಲ್ಕು ಹನಿ ಬಿಟ್ಟೆ. ಕಿವಿಯೊಳಗೆ ನೀರು ಹೋದರೆ ಯಾವ ಪ್ರಾಣಿ ಸುಮ್ಮನಿರುತ್ತದೆ? ತಲೆಯಿಂದ ಬಾಲದವರೆಗೆ ಕೊಡವಿತು. ಜನ ದೇವರ ಹೆಸರು ಕೂಗಿದರು. ಮೊದಲ ಏಟು ಎಲುಬಿಗೆ ಬಿದ್ದು ನಿಂತಿತು. ಎರಡನೆಯದಕ್ಕೆ ತಲೆ ಬಂತು. ರಕ್ತ ನನ್ನ ಮೊಣಕಾಲಿಗೆ ರಪ್ಪೆಂದು ಬಡಿಯಿತು, ಬಿಸಿಯಾಗಿ. ಅದನ್ನೇ ಹಟ್ಟಿಯ ಸುತ್ತ ಚೆಲ್ಲಿದರು. ಆ ನಾಲ್ಕು ಹನಿ ನೀರಿನ ಸಂಗತಿ ದೊಡ್ಡಪ್ಪನಿಗೆ ಗೊತ್ತು, ನನಗೆ ಗೊತ್ತು, ಸತ್ತ ಟಗರಿಗೆ ಗೊತ್ತು.

ಹತ್ತನೆಯ ವರ್ಷದಲ್ಲಿ ಇನ್ನೊಂದು ಟಗರಿಗೆ ನೀರು ಬಿಡು ಎಂದಾಗ ನಾನು ತಂಬಿಗೆ ಕೆಳಗಿಟ್ಟೆ. ದೊಡ್ಡಪ್ಪ ಮನೆಗೆ ಬಂದು ಹಗ್ಗ ನೀರಲ್ಲಿ ನೆನೆಸಿ ಹೊಡೆದರು. ನಡುವೆ ಬಂದ ಅವ್ವನಿಗೂ ಏಟು ಬಿದ್ದವು. ನನ್ನ ಬೆನ್ನಿನ ತೊಗಲು ಎರಡು ಕಡೆ ಬಿರಿಯಿತು. ಮರುದಿನ ಅವ್ವ ಬೀದರಿನ ಮಿಷನ್ ಸಾಲೆಯಲ್ಲಿ ಜೋಳ ಬೀಸುವ ಕೆಲಸ ಇದೆಯಂತೆ, ಹುಡುಗನನ್ನೂ ಓದಿಸುತ್ತಾರಂತೆ ಎಂದಾಗಲೇ ದೊಡ್ಡಪ್ಪ ಟಗರು ಮರಿ ಹಾಕುವ ಮಾತಾಡಿದ್ದು. ನಾವು ಮೂರು ದಿನ ನಡೆದೆವು. ಅಂಗಿ ಬೆನ್ನಿಗೆ ಅಂಟಿಕೊಂಡು, ಬೀದರಿನ ಬಾವಿಯ ನೀರಿನಲ್ಲಿ ನೆನೆಸಿದ ಮೇಲೆಯೇ ಬಿಟ್ಟಿತು.

ಸಾಲೆ ಕೆಂಪು ಕಲ್ಲಿನದು. ಅಲ್ಲಿ ನಮಗೆ ಲೆಕ್ಕವನ್ನೂ ಕ್ರೈಸ್ತರ ಗ್ರಂಥವನ್ನೂ ಕಲಿಸಿದವರು ಒಬ್ಬರೇ ಮಾಸ್ತರರು. ನಮ್ಮ ಸೀಮೆಯವರೇ. ಅವರು ಕ್ರೈಸ್ತರಾದ ದಿನ ಒಡಹುಟ್ಟಿದ ಅಣ್ಣಂದಿರೇ ಮೂಗು ಒಡೆದಿದ್ದರಂತೆ. ಅದು ಸೊಟ್ಟಗೇ ಕೂಡಿಕೊಂಡಿತ್ತು, ಮಾತಾಡಿದರೆ ಸಿಳ್ಳೆ ಹೊಡೆದಂತೆ ಉಸಿರು ಬರುತ್ತಿತ್ತು. ಲೆಕ್ಕ ತಪ್ಪಿದರೆ ಹುಣಸೆಯ ಹಸಿ ಕೋಲಿನಿಂದ, ನಮ್ಮ ಮಾತಿನಲ್ಲಿ ಬರಲಿನಿಂದ, ಬಾರಿಸುತ್ತಿದ್ದರು. ಶುಕ್ರವಾರ ಗ್ರಂಥದ ಪಾಠದಲ್ಲಿ ಮಾತ್ರ ಬರಲು ಮೂಲೆಗಿಟ್ಟು ಹೇಳುತ್ತಿದ್ದರು: "ದೇವರು ಪ್ರಶ್ನಿಗಿ ಅಂಜೋದಿಲ್ಲ. ಕೇಳ್ರಿ."

ಹುಡುಗರು ಕೇಳುತ್ತಲೂ ಇದ್ದರು. ಆರು ದಿನದಲ್ಲಿ ಇಷ್ಟೆಲ್ಲ ಹೇಗೆ ಹುಟ್ಟಿತು, ಸತ್ತವನು ಮೂರನೆಯ ದಿನ ಹೇಗೆ ಎದ್ದ ಎಂದು. ಅವಕ್ಕೆಲ್ಲ ಅವರ ಹತ್ತಿರ ಉತ್ತರವಿತ್ತು. ನನಗೆ ಅವು ಬೇಕಿರಲಿಲ್ಲ. ಮನುಷ್ಯರ ಪಾಪಕ್ಕೆ ಯೇಸು ಕುರಿಮರಿಯಾಗಿ ಬಲಿಯಾದ ಎಂದು ಅವರು ಹೇಳಿದಾಗಲೆಲ್ಲ ನನ್ನ ಮೊಣಕಾಲು ಬಿಸಿಯಾಗುತ್ತಿತ್ತು. ಹದಿನೈದನೆಯ ವರ್ಷದಲ್ಲಿ ಒಂದು ಶುಕ್ರವಾರ ಎದ್ದು ನಿಂತೆ.

"ತಪ್ಪು ಮಾಡಿದವ ಒಬ್ಬ, ಸತ್ತವ ಒಬ್ಬ. ಇದ್ಯಾವ ನ್ಯಾಯರಿ ಮಾಸ್ತರ್? ನಾ ಲೆಕ್ಕ ತಪ್ಪಿದ್ರ ಬಾಜೂಕ ಕುಂತವನಿಗಿ ಹೊಡಿತೀರೇನ್ರಿ?"

ಹುಡುಗರು ನಕ್ಕರು. ಮಾಸ್ತರರೂ ನಕ್ಕರು. ಪಕ್ಕದಲ್ಲಿ ಕುಂತವ ತಾನಾಗಿ ಎದ್ದು ಕೈ ಚಾಚಿದರೆ ಏನಂತೀ, ಯೇಸು ಒಪ್ಪಿ ಸತ್ತ, ಎಲ್ಲ ಇರುವುದು ಆ ಒಪ್ಪಿಗೆಯಲ್ಲಿ ಎಂದರು. ನಾನು ಅಲ್ಲಿಗೆ ಕೂತಿದ್ದರೆ ಮುಗಿಯುತ್ತಿತ್ತು.

"ಹಂಗಿದ್ರ ಸಾಯೂ ಹಿಂದಿನ ರಾತ್ರಿ ಯೇಸು ತೋಟದಾಗ ಬೋರಲ ಬಿದ್ದು, ಈ ಸಾವು ನನಗ ತಪ್ಪಸು ಅಂತ ಅಪ್ಪ ದೇವರಿಗಿ ಯಾಕ ಕೇಳ್ಕೊಂಡ್ನರಿ? ಮೈಯಾಗಿನ ಬೆವರು ರಕ್ತದಂಗ ಸುರೀತು ಅಂತ ನೀವೇ ಓದ್ಸಿರಿ. ಅದು ಒಪ್ಪಿಗಿ ಏನ್ರಿ, ಇಲ್ಲಾ ಕಿವ್ಯಾಗ ನೀರು ಬಿಟ್ಟಿದ್ದೇನ್ರಿ?"

ಯಾವ ನೀರು ಎಂದು ಕೇಳಿದರು. ಹೇಳಿದೆ. ಟಗರು, ತಂಬಿಗೆ, ನಾಲ್ಕು ಹನಿ, ಎಲ್ಲ. ಮಾಸ್ತರರ ಮೂಗಿನ ಸಿಳ್ಳೆ ಜೋರಾಯಿತು. ಅವರು ಮೂಲೆಗೆ ಹೋಗಿ ಬರಲು ತಂದರು. ಕೈ, ಬೆನ್ನು, ಕುತ್ತಿಗೆ, ಎಲ್ಲಿ ಬಿದ್ದರೆ ಅಲ್ಲಿ. ಅಡ್ಡ ಹಿಡಿದ ಬಲಗೈಯ ಕಿರುಬೆರಳು ಲಟಕ್ಕೆಂದಿತು. ಅದು ಇಂದಿಗೂ ಒಳಗೆ ಮಡಚಿಕೊಂಡೇ ಇದೆ.

ಮರುದಿನ ಕರೆಸಿ, ಬೆರಳಿಗೆ ತಾವೇ ಬಟ್ಟೆ ಸುತ್ತಿದರು. ಸುತ್ತುತ್ತಲೇ ಹೇಳಿದರು: ಸಂತೆಯ ದಿನ ಭಾಲ್ಕಿಗೆ ಉಪದೇಶಕ್ಕೆ ಹೋಗುತ್ತೇವೆ, ಆ ನೀರಿನ ಕತೆಯನ್ನು ಅಲ್ಲಿ ಜನರ ಮುಂದೆ ಹೇಳಬೇಕು. ತಮ್ಮ ಪೂಜೆ ಎಂಥದ್ದು ಎಂದು ಜನ ತಾವೇ ವಿಚಾರ ಮಾಡಲಿ. ಹೇಳಿದರೆ ಸಾಲೆಯಲ್ಲಿರು, ಇಲ್ಲವಾದರೆ ಹೆಸರು ಹೊಡೆದುಹಾಕುತ್ತೇನೆ. ಹೆಸರು ಹೊಡೆದರೆ ನನಗೆ ಉಳಿದಿದ್ದುದು ಕುರಿಹಟ್ಟಿ, ಹಗ್ಗ, ತಂಬಿಗೆ. ಹೂಂ ಎಂದೆ.

ಭಾಲ್ಕಿಯ ಸಂತೆಯಲ್ಲಿ ತೊಗರಿ ಚೀಲಗಳ ಪಕ್ಕ, ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ಮಾಸ್ತರರು ಗಾಡಿಯ ಮೇಲೆ ನಿಂತು ಶುರುಮಾಡಿದರು. ಜನ ಸೇರಿದರು. ಅವರ ನಡುವೆ, ಹೆಗಲ ಮೇಲೆ ಮಾರುವ ಕಂಬಳಿ ಹೊತ್ತು, ದೊಡ್ಡಪ್ಪ. ಸುತ್ತ ನಮ್ಮೂರಿನವರು, ಬೀಗರು. ಅವರು ಬಂದಿರುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ನನ್ನನ್ನು ನೋಡಿದರು, ಗುರುತು ತೋರಿಸಲಿಲ್ಲ. ಮಾಸ್ತರರಿಗೆ ಕೇಳಿದರು:

"ನಿಮ್ಮ ದೇವರು ಅಪ್ಪ ಆಗಿ ಸ್ವಂತ ಮಗನ್ನ ಕೊಲ್ಲಿಸ್ಯಾನ. ನಾವು ಟಗರು ಕಡಿತೇವಿ. ಇದರಾಗ ಕಟುಕರು ಯಾರ್ರಿ?"

ಸಂತೆ ಗೊಳ್ಳೆಂದಿತು. ಮಗ ಒಪ್ಪಿದ್ದ ಎಂದು ಮಾಸ್ತರರು ಅಂದರೆ, ನಮ್ಮ ಟಗರನ್ನೂ ಕೇಳಿಯೇ ಕಡಿಯುತ್ತೇವೆ, ಅದೂ ಒಪ್ಪುತ್ತದೆ, ಬೇಕಾದರೆ ಊರನ್ನೇ ಕೇಳಿರಿ ಎಂದು ದೊಡ್ಡಪ್ಪ ಸವಾಲು ಹಾಕಿದರು. ಮಾಸ್ತರರು ನನ್ನ ಕಡೆ ತಿರುಗಿದರು.

"ಹೇಳು. ಟಗರು ಒಪ್ಪತದೇನು?"

ಒಬ್ಬರು ನನ್ನ ಬೆರಳು ಮುರಿದವರು, ಒಬ್ಬರು ಬೆನ್ನು ಹರಿದವರು. ಸತ್ಯಕ್ಕಾಗಿ ಬಾಯಿ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಸಾಲೆಗಾಗಿ ಬಿಟ್ಟೆ.

"ಇಲ್ರಿ. ನಾನೇ ಕಿವ್ಯಾಗ ನೀರು ಬಿಟ್ಟೇನಿ. ದೊಡ್ಡಪ್ಪ ಬಿಡ್ಸ್ಯಾನ."

ಇದನ್ನು ಕೇಳಿ ಜನ ವಿಚಾರ ಮಾಡುತ್ತಾರೆಂದು ಮಾಸ್ತರರು ತಿಳಿದಿದ್ದರು. ಆದರೆ ಅಲ್ಲಿ ನಿಂತವರಲ್ಲಿ ಎಷ್ಟೋ ಮಂದಿ ಆ ಮಾಂಸ ಉಂಡವರು. ನನ್ನ ಒಂದು ಮಾತಿಗೆ ಅವರೆಲ್ಲ ಕೊಲೆಯ ಕೂಳು ಉಂಡವರಾದರು. ಮೊದಲ ಕಲ್ಲು ದೊಡ್ಡಪ್ಪನಿಗೇ ಬಿತ್ತು, ಬೀಗರ ಕಡೆಯಿಂದ. ಎರಡನೆಯದು ಮಾಸ್ತರರ ಹುಬ್ಬಿಗೆ. ಆಮೇಲೆ ಯಾರು ಯಾರಿಗೆ ಎಂಬುದಿಲ್ಲ. ಗಾಡಿ ಮಗುಚಿದರು. ಒಬ್ಬ ನನ್ನ ಕೂದಲು ಹಿಡಿದು ನೆಲಕ್ಕೆ ಕುಕ್ಕಿದ, ಬಾಯಿ ತುಂಬ ಮಣ್ಣು ಮತ್ತು ಒಂದು ಹಲ್ಲು. ತಲೆಯೆತ್ತಿದರೆ ದೊಡ್ಡಪ್ಪ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಕುರಿ ಕಾಯುವ ಕೋಲು ಎರಡೂ ಕೈಯಲ್ಲಿ ಎತ್ತಿದ್ದರು. ಅವರ ಕಣ್ಣು ನೋಡಿ, ಇದು ಬಡಿಯುವ ಕೋಲಲ್ಲ, ಕೊಲ್ಲುವ ಕೋಲು ಎಂದು ತಿಳಿಯಿತು.

ಏಟು ನನಗೆ ಬೀಳಲಿಲ್ಲ. ನನ್ನ ಮೇಲೆ ಮಾಸ್ತರರು ಬಿದ್ದಿದ್ದರು. ಒಣ ತೊಗರಿ ಬಡಿದಂಥ ಸದ್ದು ಅವರ ಮೈಯಿಂದ ಬರುತ್ತಿತ್ತು, ಒಂದೊಂದು ಏಟಿಗೂ ಮೂಗು ಸಿಳ್ಳೆ ಹೊಡೆಯುತ್ತಿತ್ತು. ಅವರು ಕೂಗಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ. ಹುಬ್ಬಿನ ರಕ್ತ ಹರಿದು ಬಂದು ನನ್ನ ಕಿವಿಯೊಳಗೆ ಇಳಿಯಿತು. ನಾನು ತಲೆ ಕೊಡವಿದೆ.

ಕೋಲು ನಿಂತಿತು. ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ಕೋಲನ್ನು ಅಲ್ಲಿಯೇ ಬಿಟ್ಟು ಜನರೊಳಗೆ ಹೊಕ್ಕುಬಿಟ್ಟರು.

ಪೊಲೀಸ್ ಅಮೀನರು ಬಂದು ಹೊಡೆದವರು ಯಾರು ಎಂದು ಕೇಳಿದಾಗ ಮಾಸ್ತರರು ಗಾಡಿಯಿಂದ ಬಿದ್ದೆ ಎಂದರು. ಸುಳ್ಳು ಹೇಳಿದ ಹುಡುಗರ ಅಂಗೈ ಊದಿಸುತ್ತಿದ್ದ ಮನುಷ್ಯ! ಅವರ ಎರಡು ಪಕ್ಕೆಲುಬು, ಬಲಗೈ ಮುರಿದಿದ್ದವು. ಆ ಕೈ ಮುಂದೆಂದೂ ಬರಲು ಎತ್ತಲಿಲ್ಲ. ಒಂದು ತಿಂಗಳು ನಾನೇ ಅವರಿಗೆ ಗಂಜಿ ಕುಡಿಸಿದೆ. ಒಂದು ದಿನ, ನೀವ್ಯಾಕೆ ನನ್ನ ಮೇಲೆ ಬಿದ್ದಿರಿ ಎಂದು ಕೇಳಿಯೇಬಿಟ್ಟೆ. ಎಡಗೈಯಿಂದ ಗಂಜಿಯ ಬಟ್ಟಲು ಸರಿಸಿದರು.

"ವಿಚಾರ ಮಾಡಿ ಬಿದ್ದಿಲ್ಲ. ವಿಚಾರ ಮಾಡಿದ್ರ ಬೀಳ್ತಿದ್ದಿಲ್ಲ."

ನನ್ನ ಶುಕ್ರವಾರದ ಪ್ರಶ್ನೆಗೆ ತಮ್ಮ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಹೊಡೆದೆ ಎಂದೂ ಹೇಳಿದರು. ನಾನು ಅಂದೂ ಕ್ರೈಸ್ತನಾಗಲಿಲ್ಲ, ಮುಂದೆಯೂ ಆಗಲಿಲ್ಲ. ಒಬ್ಬನ ತಪ್ಪು ಇನ್ನೊಬ್ಬನ ರಕ್ತದಿಂದ ತೊಳೆದುಹೋಗುತ್ತದೆ ಎಂಬ ಮಾತು ನನ್ನ ಬುದ್ಧಿಗೆ ಇಂದಿಗೂ ಹೊಂದುವುದಿಲ್ಲ. ಮಾಸ್ತರರ ಪಕ್ಕೆಲುಬು ಮುರಿದದ್ದರಿಂದ, ಸಾಲೆಯ ಆಸೆಗೆ ನಾನು ದೊಡ್ಡಪ್ಪನನ್ನು ಸಂತೆಯಲ್ಲಿ ನಿಲ್ಲಿಸಿ ಮಾರಿದ ತಪ್ಪು ಹೋಗಲಿಲ್ಲ. ಅದು ನನ್ನಲ್ಲೇ ಇದೆ. ಆದರೆ ನಾನು ಬದುಕಿದ್ದೇನೆ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಓದಿದೆ. ಮಾಸ್ತರರು ನನ್ನ ಹೆಸರು ಹೊಡೆಯಲಿಲ್ಲ.

ಆಮೇಲೆ ಹೈದರಾಬಾದಿನ ಕಾಲೇಜು. ಆಗಿನ ಸರ್ಕಾರದ ಭಾಷೆ ಉರ್ದು, ಓದುವುದು ಬರೆಯುವುದು ಎಲ್ಲವೂ ಅದರಲ್ಲೇ. ಮಡಚಿದ ಬೆರಳಿನ ಕೈಯಲ್ಲಿ ಬಲದಿಂದ ಎಡಕ್ಕೆ ಬರೆದು ಬರೆದು ಒಂದು ಸಲ ಫೇಲಾದೆ, ಒಂದು ಸಲ ಪಾಸಾದೆ. ಸನದನ್ನು ಮೊದಲು ಮಾಸ್ತರರಿಗೆ ತೋರಿಸಿ, ಅವ್ವನ ಕಾಲಿಗೆ ಬಿದ್ದು, ಊರಿಗೆ ನಡೆದೆ. ಭಾಲ್ಕಿಯ ದಿನದ ನಂತರ ಅದೇ ಮೊದಲು.

ದೊಡ್ಡಪ್ಪ ಹಟ್ಟಿಯ ಮುಂದೆ ಉಣ್ಣೆ ಬಿಡಿಸುತ್ತ ಕೂತಿದ್ದರು. ಹಣೆಯ ಕಲೆ ಹಾಗೇ ಇತ್ತು. ನಾನು ಸನದನ್ನು ಮುಂದೆ ಹಿಡಿದೆ. ಉರ್ದು ಅಕ್ಷರ ಕಂಡದ್ದೇ ಅವರ ಕೈ ಹಿಂದೆ ಸರಿಯಿತು. ಆ ಅಕ್ಷರದ ಕಾಗದ ನಮ್ಮ ಮನೆಗೆ ಬರುತ್ತಿದ್ದುದು ಕಚೇರಿಗೆ ಎಳೆದೊಯ್ಯಲು ಮಾತ್ರ. ಇದು ನನ್ನದು, ಇದರಲ್ಲಿ ಅಪ್ಪನ ಹೆಸರೂ ಇದೆ ಎಂದೆ. ಎರಡೂ ಕೈ ಕಂಬಳಿಗೆ ಒರೆಸಿಕೊಂಡು ತೆಗೆದುಕೊಂಡರು. ತಮ್ಮನ ಹೆಸರು ಎಲ್ಲಿ ಎಂದು ಕೇಳಿ, ನಾನು ತೋರಿಸಿದ ಜಾಗದಲ್ಲಿ ಹೆಬ್ಬೆರಳು ಇಟ್ಟರು. ತೆಗೆಯಲಿಲ್ಲ. ಕಾಗದ ನೋಡುತ್ತಲೇ ಅಂದರು:

"ಆ ದಿನದಿಂದ ನಾ ಟಗರಿನ ಕಿವ್ಯಾಗ ನೀರು ಬಿಟ್ಟಿಲ್ಲ. ಎರಡು ಟಗರು ಮೈ ಕೊಡವಲಿಲ್ಲ. ಜನ ಏನೇನೋ ಅಂದರು, ನಾ ಕಡೀಲಿಲ್ಲ. ಒಂದು ಮೊನ್ನಿ ಮುದಿಯಾಗಿ ಸತ್ತದ. ಇನ್ನೊಂದು ಅಲ್ಲೇ ಅದ ನೋಡು, ಹಟ್ಟ್ಯಾಗ."