ಗೋಡೆ ದಾಟಿದ ಫೋನು

ಎರಡು ವರ್ಷದ ಮಟ್ಟಿಗೆ ಹೊರದೇಶಕ್ಕೆ ಹೊರಟವರು ಮೊದಲು ಮಾಡಬೇಕಾದ ಕೆಲಸ ಯಾವುದು? ಪಾಸ್‌ಪೋರ್ಟ್? ವೀಸಾ? ಅದೆಲ್ಲ ಇರಲಿ. ಕಳೆದ ಶನಿವಾರ ನಾನು ಮಾಡಿಸಿದ್ದು ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಗೋಡೆಗೆ ಒಂದು ತೂತು.

ವಿಷಯ ಹೀಗೆ. ಮಸ್ಕತ್‌ನಲ್ಲಿ ಒಬ್ಬರು ಹೋಟೆಲ್ ತೆರೆಯುತ್ತಿದ್ದಾರೆ. ಅದು ಹಳಿಗೆ ಬರುವವರೆಗೆ ನೋಡಿಕೊಳ್ಳಲು ನನ್ನನ್ನು ಕರೆದರು. (ಟೇಬಲ್ ಒರೆಸುತ್ತ ಈ ಲೈನಿಗೆ ಬಂದವನು ನಾನು. ಫ್ಯಾಮಿಲಿ ವೀಸಾ ಕೊಟ್ಟರೆ ಮಾತ್ರ ಬರುವೆನೆಂದು ಪಟ್ಟು ಹಿಡಿದೆ, ಸಿಕ್ಕಿತು. ನೀವೂ ಹಿಡಿಯಿರಿ. ಹೊರಡುವ ಮೊದಲು ಕೇಳದ್ದನ್ನು ಹೋದ ಮೇಲೆ ಯಾರೂ ಕೊಡುವುದಿಲ್ಲ.)

ಮನೆಯ ಸಾಮಾನನ್ನು ಮಾರಲಿಲ್ಲ, ಬಿಲ್ಡಿಂಗಿನಲ್ಲಿ ಹಂಚಿದೆ. ಫ್ರಿಜ್ ಕೆಳಗಿನ ಮನೆಗೆ, ಟಿವಿ ಎದುರು ಮನೆಗೆ. ಬಳಸಿ, ಕೆಟ್ಟರೆ ರಿಪೇರಿ ಮಾಡಿಸಿ, ನಾವು ಬಂದ ಮೇಲೆ ವಾಪಸು ಕೊಡಿ. ಮುಚ್ಚಿಟ್ಟ ಮೆಷಿನ್ ಕೆಡುತ್ತದೆ, ಓಡುತ್ತಿದ್ದರೆ ಉಳಿಯುತ್ತದೆ. ಫೋನ್ ಮಾತ್ರ ಯಾರಿಗೂ ಇಲ್ಲ ಎಂದೆ. ವರ್ಷಗಟ್ಟಲೆ ಕಾದು ಪಡೆದ ಲೈನು. ಬೇರೆಯವರ ಕೈಗೆ ಕೊಟ್ಟು, ಮಸ್ಕತ್‌ನಲ್ಲಿ ಕುಳಿತು ಬಿಲ್ ನೆನೆದು ಬೆವರುವುದು ಯಾರಿಗೆ ಬೇಕು?

ಅಂದು ಸಂಜೆ ಪಕ್ಕದ ಮನೆಯ ಶಾಂತಕ್ಕ ಬಂದರು. ಬಿಜಾಪುರ ಕಡೆಯವರು. ಯಜಮಾನರು ಅಂಬರನಾಥದ ಫ್ಯಾಕ್ಟರಿಯಲ್ಲಿ ಫಿಟರ್, ಮಗ ಪರಶು ಸರಕು ಹಡಗಿನಲ್ಲಿ ಅಡುಗೆಯವನು. ಹಡಗು ಯಾವುದಾದರೂ ಬಂದರು ಮುಟ್ಟಿದಾಗ ಅವನು ನಮ್ಮ ನಂಬರಿಗೆ ಫೋನ್ ಮಾಡುತ್ತಾನೆ. ನಾವು ಗೋಡೆ ಬಡಿದು ತಾಯಿಯನ್ನು ಕರೆಯುತ್ತೇವೆ. ಅವನ ಹತ್ತಿರ ಇರುವುದು ಅದೊಂದೇ ನಂಬರು. ಪತ್ರ ಬರೆದು ಬೇರೆ ನಂಬರು ತಿಳಿಸೋಣವೆಂದರೆ ಅದು ಹಡಗಿನ ಬೆನ್ನು ಹತ್ತಿ ಅವನ ಕೈ ಸೇರುವುದು ಯಾವಾಗಲೋ.

"ಅಣ್ಣಾರ, ನೀವು ಹೋಗ್ರಿ, ಬ್ಯಾಡ ಅನ್ನಂಗಿಲ್ಲ," ಎಂದರು. "ಆದ್ರ ಬೀಗ ಹಾಕಿದ ಮನ್ಯಾಗ ನನ್ನ ಮಗನ ಫೋನ್ ಹೊಡಕೋತ ಇದ್ರ, ನಾ ಗ್ವಾಡಿ ಈಚಿಗೆ ಕುಂತು ಕೇಳಬೇಕೇನ್ರಿ?"

ನಾನು ಚೌಕಾಸಿಗೆ ಇಳಿದೆ. ಫೋನ್ ಅವರ ಮನೆಯಲ್ಲಿರಲಿ, ಹೊರಗೂರಿನ ಎಸ್‌ಟಿಡಿ ಕರೆಗೆ ಲಾಕ್ ಇರಲಿ. ಬದಲಿಗೆ ಅವರು ನಮ್ಮ ಮನೆ ಗುಡಿಸಬೇಕು, ಕಿಟಕಿ ತೆರೆದು ಗಾಳಿಯಾಡಿಸಬೇಕು, ಸಂಜೆ ದೇವರಿಗೆ ದೀಪ ಹಚ್ಚಬೇಕು.

"ಶಾಂತಕ್ಕನ ಹತ್ರವೂ ವ್ಯಾಪಾರವಾ ಮಾರಾಯ್ರೆ?" ಎಂದಳು ನನ್ನ ಹೆಂಡತಿ.

ಶಾಂತಕ್ಕನೇ ಅವಳನ್ನು ತಡೆದರು. ಪುಕ್ಕಟೆ ಕೊಟ್ಟಿದ್ದರೆ ತಾನು ಒಲ್ಲೆ ಎನ್ನುತ್ತಿದ್ದೆ ಎಂದರು. (ಉಪಕಾರಕ್ಕೂ ಒಂದು ರೇಟು ಇರಬೇಕು ಓದುಗರೇ. ಇಲ್ಲದಿದ್ದರೆ ಪಡೆದವರು ತಲೆ ಎತ್ತಲಾರರು.)

ವೈರ್‌ಮನ್ ಬಂದ, ಗೋಡೆ ಕೊರೆದ, ವೈರು ಆಚೆ ದಾಟಿತು. ನಾವು ಹೊರಡಲು ಇನ್ನೂ ಒಂದು ತಿಂಗಳಿದೆ. ಅಲ್ಲಿಯವರೆಗೆ ಗೋಡೆ ಬಡಿದು ನಮ್ಮನ್ನು ಕರೆಯುವ ಸರದಿ ಅವರದು.

ಭಾನುವಾರ ಪ್ಯಾಕಿಂಗ್ ಮಾಡುತ್ತಿದ್ದಾಗ ಆಚೆ ಫೋನ್ ರಿಂಗಾಯಿತು. ಪರಶು.

ಇಷ್ಟು ದಿನ ಅವನ ಫೋನ್ ಬಂದಾಗ ನಮ್ಮ ಹಾಲ್‌ನಲ್ಲಿ ಶಾಂತಕ್ಕ ಸೋಫಾದ ಅಂಚಿನಲ್ಲಿ ಕುಳಿತು, ತಲೆಗೆ ಸೆರಗು ಹೊದ್ದು ಮಾತಾಡುತ್ತಿದ್ದರು. ಮಾತೇನು? ಹೂಂ, ಆರಾಮ ಅದೀವಿ, ನೀ ಆರಾಮ ಇರು, ಇಡ್ತೀನಿ. ಅವರಿಗೆ ಚೆನ್ನಾಗಿ ಕೇಳಿಸಲೆಂದು ನಾವೆಲ್ಲ ಟಿವಿಯ ಸದ್ದು ತಗ್ಗಿಸಿ ಸುಮ್ಮನೆ ಕೂರುತ್ತಿದ್ದೆವು. ಪಾಪ, ಮಾತು ಕಡಿಮೆಯ ಹೆಂಗಸು ಎಂದುಕೊಂಡಿದ್ದೆ.

ತೂತಿನಿಂದ ಈಚೆ ಕೇಳಿಬಂದ ಶಾಂತಕ್ಕ ಬೇರೆಯೇ.

"ಲೇ ಮಂಗ್ಯಾನ ಮಗನ, ಹಡಗಿನವ್ರಿಗೆಲ್ಲ ಮಾಡಿ ಹಾಕ್ತಿ, ನೀ ಹೊಟ್ಟಿ ತುಂಬ ಉಣ್ತೀಯೋ ಇಲ್ಲೋ? ಪತ್ರ ಬರ್ಯಾಕ ಕೈಗೆ ಏನಾಗೇತಿ? ತಂಗಿ ಲಗ್ನಕ್ಕ ಬರಲಿಲ್ಲಂದ್ರ ಕಾಲ ಮುರೀತೀನಿ ನೋಡು."

ಬೈಗುಳ, ನಗು, ಮತ್ತೆ ಬೈಗುಳ. ಹೆಂಡತಿ ಮಡಿಸುತ್ತಿದ್ದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಾ ಕುಳಿತಳು. ಕಡೆಗೆ ನಾಚಿಕೆಯಾಗಿ ನಾವಿಬ್ಬರೂ ಅಡುಗೆಮನೆಗೆ ಎದ್ದು ಹೋದೆವು.

ಸೋಮವಾರ ಬೆಳಿಗ್ಗೆಯೇ ವೈರಿನ ಸುತ್ತ ಸಿಮೆಂಟ್ ಮೆತ್ತಿಸಿದೆ. ತಾಯಿ ಮಗನನ್ನು ಬೈಯುವಾಗ ಪ್ರೇಕ್ಷಕರು ಯಾಕೆ?